ಸ್ಕೂಟರ್ ಹತ್ತಿ ಹೊಳೆದಂಡೆಗೆ

ಹೊನ್ನಾವರದಿಂದ ಗೇರುಸೊಪ್ಪದ ಕಡೆ ಹೋಗುವಾಗ ಶರಾವತಿಯ ದಂಡೆಯುದ್ದಕ್ಕೂ ಸಿಗುವ ಹಳ್ಳಿಗಳಿಗೆ ಹೊಳೆಸಾಲು ಎನ್ನುತ್ತಾರೆ. ಅಲ್ಲಿ ನಾನು ಬಹಳ ವರ್ಷ ಸರಕಾರಿ ನರ್ಸ್ ಆಗಿದ್ದೆ. ಅಲ್ಲಿನವರಿಗೆ ನನ್ನ ಹೆಸರು ಬೇಕಾಗಿರಲಿಲ್ಲ, ‘ನರ್ಸಬಾಯಿ’ ಎಂದರೆ ಸಾಕಿತ್ತು. ಹೆಗಲಿಗೆ ಮಂಜುಗಡ್ಡೆ ತುಂಬಿದ ಲಸಿಕೆ ಡಬ್ಬಿ, ಕೈಯಲ್ಲಿ ಕೊಡೆ, ಕಾಲಿಗೆ ರಬ್ಬರ್ ಚಪ್ಪಲಿ. ದೋಣಿ ಸಿಕ್ಕಿದರೆ ದೋಣಿ, ಇಲ್ಲದಿದ್ದರೆ ನಡಿಗೆ. ಹಳ್ಳದ ಮೇಲೆ ಅಡಿಕೆ ಮರದ ಸಂಕ ಹಾಕಿರುತ್ತಿದ್ದರು. ಮಳೆಗಾಲದಲ್ಲಿ ಅದು ಬೆಣ್ಣೆ ಸವರಿದಂತೆ ಜಾರುತ್ತಿತ್ತು. ಚಪ್ಪಲಿ ಕಳಚಿ ಕೊಡೆಯ ಹಿಡಿಗೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ದಾಟುತ್ತಿದ್ದೆ. ಒಮ್ಮೆಯೂ ಬೀಳಲಿಲ್ಲ.

ಬಿದ್ದದ್ದು ನಿವೃತ್ತಿಯಾದ ಮೇಲೆ, ಮನೆಯ ಬಾವಿಕಟ್ಟೆಯಲ್ಲಿ.

ಮದುವೆಯಾಗದ ನಾನು ನಿವೃತ್ತಿಯ ನಂತರ ಶಿರಾಲಿಯಲ್ಲಿ ತಮ್ಮನ ಮನೆ ಸೇರಿದ್ದೆ. ತಮ್ಮನಿಗೆ ಹೆದ್ದಾರಿಯ ಬದಿಗೆ ಸಣ್ಣ ಕಿರಾಣಿ ಅಂಗಡಿ. ಅವನ ಹೆಂಡತಿಗೂ ನನಗೂ ಮೊದಲಿನಿಂದಲೂ ಹೊಂದಿಕೆ. ಒಂದು ಮಳೆಗಾಲದ ಬೆಳಿಗ್ಗೆ ಕೊಡ ಎತ್ತಿ ತಿರುಗಿದವಳು ಪಾಚಿ ಕಟ್ಟಿದ ಚಿರೆಕಲ್ಲಿನ ಮೇಲೆ ಜಾರಿದೆ. ಬಲಗಾಲಿನ ಪಾದ ಹೊರಕ್ಕೆ ತಿರುಗಿ ಬಿದ್ದಿತ್ತು. ಅದನ್ನು ನೋಡಿದ ಕೂಡಲೇ ಸೊಂಟದ ಹತ್ತಿರ ಮೂಳೆ ಮುರಿದಿದೆ ಎಂದು ನನಗೇ ತಿಳಿಯಿತು. ಓಡಿ ಬಂದ ತಮ್ಮ ನನ್ನನ್ನು ಎತ್ತಲು ನೋಡಿದ. "ಎಳಿಬೇಡ, ಹಲಗೆ ತಾ" ಎಂದೆ. ಅವನು ಹಲಗೆಯ ಬದಲು ಮೊದಲು ಚಾಪೆ ತಂದ. ಬಿದ್ದ ನನಗಿಂತ ನೋಡಿದ ಅವನಿಗೇ ಹೆಚ್ಚು ಪೆಟ್ಟಾಯಿತು ಎಂದು ಈಗಲೂ ಅನ್ನಿಸುತ್ತದೆ.

ಶಸ್ತ್ರಚಿಕಿತ್ಸೆಯಾಯಿತು, ಮೂಳೆಯೊಳಗೆ ಉಕ್ಕಿನ ಸಳಿ ಹಾಕಿದರು. ಮೊದಲು ನಾಲ್ಕು ಕಾಲಿನ ವಾಕರ್, ಆಮೇಲೆ ಊರುಗೋಲು. ಮೂಳೆ ಕೂಡಿತು. ಆದರೆ ಬಲಗಾಲು ತುಸು ಗಿಡ್ಡವಾಯಿತು, ಮಂಡಿ ಪೂರ್ತಿ ಮಡಚದಾಯಿತು. ಮನೆಯೊಳಗೆ ಓಡಾಡಲು ಕಲಿತೆ. ಅಂಗಳಕ್ಕೆ ಹಿಡಿದು ಇಳಿಯಲು ತಮ್ಮ ಒಂದು ಕಬ್ಬಿಣದ ಪೈಪು ಹಾಕಿಸಿಕೊಟ್ಟ. ಅಲ್ಲಿಗೆ ನನ್ನ ಲೋಕ ಮುಗಿಯಿತು.

ಯಾರೂ ನನ್ನನ್ನು ಕಡೆಗಣಿಸಲಿಲ್ಲ ಎನ್ನುವುದೇ ಒಂದು ತೊಂದರೆಯಾಗಿತ್ತು. ಎಲ್ಲಿಗೆ ಹೋಗಬೇಕೆಂದರೂ ತಮ್ಮ ಅಂಗಡಿಯ ಬಾಗಿಲೆಳೆದು ರಿಕ್ಷಾ ಕರೆಯುತ್ತಿದ್ದ. ಹತ್ತಿಸುವುದಕ್ಕೆ ಇಬ್ಬರು, ಇಳಿಸುವುದಕ್ಕೆ ಇಬ್ಬರು. ಮದುವೆಮನೆಗೆ ಹೋದರೆ ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು ಕೂರಿಸುತ್ತಿದ್ದರು. ಮನೆಗೆ ಕರೆದೊಯ್ಯುವ ತನಕ ಅಲ್ಲೇ ಇರಬೇಕು. ಕ್ರಮೇಣ ನಾನೇ "ಬೇಡ, ನೀವು ಹೋಗಿ ಬನ್ನಿ" ಎನ್ನತೊಡಗಿದೆ. ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಕಣ್ಣು ಮುಚ್ಚಿದರೆ ಹೊಳೆಸಾಲಿನ ದಾರಿ ಒಂದೊಂದೇ ತಿರುವಾಗಿ ಕಾಣುತ್ತಿತ್ತು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾರ ಹಿತ್ತಲಲ್ಲಿ ನುಗ್ಗಿ ನಡೆದರೆ ದಾರಿ ಹತ್ತಿರ, ಯಾವ ಅಜ್ಜಿ ಬೆಲ್ಲ ನೀರು ಕೊಡದೆ ಬಿಡುವುದಿಲ್ಲ, ಎಲ್ಲವೂ. ಮನಸ್ಸಿನಲ್ಲಿ ಹಾಗೆ ನಡೆದು ನಡೆದು ನಿಜವಾಗಿ ದಣಿಯುತ್ತಿದ್ದೆ.

ಒಂದು ದಿನ ತಮ್ಮನ ಹೆಂಡತಿ ಭಟ್ಕಳ ಪೇಟೆಗೆ ಬಟ್ಟೆ ತರಲು ಹೊರಟಳು. ಸುಮ್ಮನೆ ಗಾಳಿಗೆ ಬನ್ನಿ ಎಂದು ನನ್ನನ್ನೂ ಹೊರಡಿಸಿದಳು. ಬಟ್ಟೆ ಅಂಗಡಿಗೆ ಎತ್ತರದ ಮೆಟ್ಟಿಲು. ಅವಳು ಒಳಗೆ ಹೋದಳು, ನಾನು ರಿಕ್ಷಾದಲ್ಲೇ ಉಳಿದೆ. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಸ್ಕೂಟರ್ ಬಂದು ನಿಂತಿತು. ಹಿಂದಿನ ಚಕ್ರದ ಎರಡೂ ಬದಿಗೆ ಇನ್ನೆರಡು ಚಕ್ರ. ಬುರ್ಖಾ ತೊಟ್ಟ ಹೆಂಗಸು, ನಲವತ್ತು ದಾಟಿರಬಹುದು. ಕಾಲ ಬಳಿ ಒಂದು ಊರುಗೋಲು ಸಿಕ್ಕಿಸಿಟ್ಟಿದ್ದಳು. ಅವಳು ಹಾರ್ನ್ ಹೊಡೆದಳು. ಅಂಗಡಿಯವನೇ ಬಟ್ಟೆಯ ಥಾನು ಹೊತ್ತು ಮೆಟ್ಟಿಲಿಳಿದು ಬಂದ. ಅವಳು ಸೀಟಿನ ಮೇಲೆ ಕುಳಿತೇ ಒಂದನ್ನು ಮುಟ್ಟಿ ನೋಡಿದಳು, ಇನ್ನೊಂದನ್ನು ಬೇಡವೆಂದಳು. ಮತ್ತೆರಡು ತರಲು ಅವನನ್ನು ಮೇಲೆ ಕಳಿಸಿ ನನ್ನತ್ತ ತಿರುಗಿದಳು.

"ಮೆಟ್ಟಿಲಾ?" ಎಂದು ಕೇಳಿದಳು.

"ಮೆಟ್ಟಿಲೇ."

"ಅಂಗಡಿ ಕಟ್ಟೋರಿಗೆ ಮೆಟ್ಟಿಲು ಅಂದ್ರೆ ಭಾರಿ ಖುಷಿ ನೋಡಿ. ಕಾಲಿಗೆ ಎಂತ ಆದದ್ದು?"

"ಬಿದ್ದದ್ದು. ನಿಮಗೆ?"

"ನಂಗೆ ಸಣ್ಣದಿರುವಾಗ ಪೋಲಿಯೋ."

ಎಷ್ಟು ಮಕ್ಕಳ ಬಾಯಿಗೆ ಪೋಲಿಯೋ ಹನಿ ಹಾಕಿದ್ದೇನೋ ಲೆಕ್ಕವಿಲ್ಲ. ಹನಿ ಹಾಕಿ, ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚಿದರೆ ನನ್ನ ಕೆಲಸ ಆದಂತೆ. ಹನಿ ಸಿಗದೆ ಬೆಳೆದವರು ಮನೆಯಿಂದ ಪೇಟೆಗೆ ಹೇಗೆ ಬರುತ್ತಾರೆ ಎನ್ನುವುದನ್ನು ಅವತ್ತೇ ಹತ್ತಿರದಿಂದ ನೋಡಿದ್ದು. ಅವಳು ಮನೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಾಳಂತೆ. ಅಳತೆ ತೆಗೆಯಲು ಮುರ್ಡೇಶ್ವರದವರೆಗೂ ಒಬ್ಬಳೇ ಹೋಗುತ್ತಾಳಂತೆ.

"ಇದಕ್ಕೆ ಕಾಲು ಬೇಡ್ವಾ?" ಎಂದು ಕೇಳಿದೆ.

"ಎರಡು ಕೈ ಸಾಕು. ಬ್ರೇಕು ಕೈಯಲ್ಲಿ, ಎಕ್ಸಲೇಟರ್ ಕೈಯಲ್ಲಿ. ಕಾಲು ಸುಮ್ನೆ ಇಡ್ಲಿಕ್ಕೆ. ಒಂದ್ಸಲ ಕೂತು ನೋಡಿ ಅಕ್ಕ."

ಅವಳು ಇಳಿದು ರಿಕ್ಷಾದ ಕಂಬಿ ಹಿಡಿದು ನಿಂತಳು. ನಾನು ನಿಧಾನಕ್ಕೆ ಹೋಗಿ ಆ ಸೀಟಿನ ಮೇಲೆ ಕುಳಿತೆ. ಗಾಡಿ ಅಲುಗಾಡಲಿಲ್ಲ. ಮಡಚದ ಬಲಗಾಲನ್ನು ಮುಂದೆ ಚಾಚಿ ಇಡಲು ಜಾಗವಿತ್ತು. ಹ್ಯಾಂಡಲ್ ಹಿಡಿದು ಎದುರಿನ ಬೀದಿ ನೋಡಿದೆ. ರಿಕ್ಷಾದೊಳಗಿಂದ ನೋಡುವಾಗ ಬೀದಿ ಪಕ್ಕದಿಂದ ಹಾದುಹೋಗುತ್ತದೆ. ಇಲ್ಲಿ ಅದು ನನ್ನ ಮುಂದೆಯೇ ಬಿದ್ದಿತ್ತು. ಚೀಲ ಹಿಡಿದು ಹೊರಬಂದ ತಮ್ಮನ ಹೆಂಡತಿ ಮೆಟ್ಟಿಲ ಮೇಲೆ ನಿಂತುಬಿಟ್ಟಳು.

"ಅತ್ಗೆ, ಎಂತ ಇದು?"

"ನಂಗೆ ಇಂಥದ್ದೊಂದು ಬೇಕು" ಎಂದೆ.

ತಮ್ಮ ಒಪ್ಪಲಿಲ್ಲ. ಸಂಜೆ ಅಂಗಡಿಯಿಂದ ಬಂದು ವಿಷಯ ಕೇಳಿದವನು ಕೈಕಾಲು ತೊಳೆಯದೆ ಜಗಲಿಯಲ್ಲೇ ಕುಳಿತ.

"ಈ ವಯಸ್ಸಲ್ಲಿ ಗಾಡಿ ಕಲಿಯೂದು ಎಂತಕ್ಕೆ ಅಕ್ಕ? ಎಲ್ಲಿಗೆ ಬೇಕೋ ಹೇಳು, ನಾ ಕರ್ಕೊಂಡು ಹೋಗ್ತೆ."

"ನೀ ಕರ್ಕೊಂಡು ಹೋಗೂದು ಬೇರೆ, ನಾ ಹೋಗೂದು ಬೇರೆ ಅಲ್ದಾ ತಮ್ಮ."

"ಮತ್ತೆ ಬಿದ್ರೆ?"

ಅವನ ಕಣ್ಣಲ್ಲಿ ಬಾವಿಕಟ್ಟೆ ಇನ್ನೂ ಇತ್ತು. ಎರಡು ದಿನ ನಾವಿಬ್ಬರೂ ಆ ಮಾತೆತ್ತಲಿಲ್ಲ. ಮೂರನೆಯ ದಿನ ಊಟಕ್ಕೆ ಕುಳಿತಾಗ ಅವನೇ, "ಕುಮಟಾದಲ್ಲಿ ಒಬ್ಬ ವೆಲ್ಡಿಂಗಿನವ ಸೈಡ್ ವೀಲ್ ಚಲೋ ಕೂಡಿಸ್ತಾನಂತೆ" ಎಂದ. ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನ ಹೆಂಡತಿ ನನ್ನ ಕಡೆ ನೋಡಿ ಸಾರು ಬಡಿಸಿದಳು.

ನಾನು ಹುಟ್ಟಿ ಬೆಳೆದದ್ದು ಕುಮಟಾದಲ್ಲಿ. ನಾವು ಕೊಂಡ ಸ್ಕೂಟರಿಗೆ ಚಕ್ರ ಕೂಡಿಸುವ ತನಕ ಆ ವೆಲ್ಡಿಂಗಿನವನ ಗ್ಯಾರೇಜಿನ ಎದುರು ಕುಳಿತು ಪೇಟೆ ನೋಡಿದೆ. ಅವ್ವ ತಲೆಯ ಮೇಲೆ ತರಕಾರಿ ಬುಟ್ಟಿ ಹೊತ್ತು ಇದೇ ಪೇಟೆಗೆ ಬರುತ್ತಿದ್ದಳು. ಅವಳ ನಡಿಗೆಗೆ ಸರಿಸಮ ಬರಲು ನಾನು ಓಡಬೇಕಾಗುತ್ತಿತ್ತು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹಿಂದೆ ತಿರುಗದೆ, "ಬಂದ್ಯಾ?" ಎಂದು ಕೇಳುತ್ತಲೇ ನಡೆಯುತ್ತಿದ್ದಳು. ದಾರಿಯುದ್ದಕ್ಕೂ ಹಾಡುತ್ತಿದ್ದಳು ಕೂಡ. ಗದ್ದೆ ನೆಟ್ಟಿಯ ಹಾಡು, ಮದುವೆಯ ಹಾಡು, ಬಾಯಿಗೆ ಬಂದದ್ದು. ಗದ್ದೆಯ ಏರಿಯಿಂದ ಪೇಟೆಯ ತನಕ ಒಂದು ಹಾಡು ಮುಗಿಯುತ್ತಿರಲಿಲ್ಲ. ವಾಪಸು ಬರುವಾಗ ತಮ್ಮ ಕುಮಟಾದ ಈರುಳ್ಳಿಯ ಗೊಂಚಲು ಕೊಂಡು ಹೊಸ ಚಕ್ರದ ಮೇಲಿನ ಸರಳಿಗೆ ಕಟ್ಟಿದ. ಗಾಡಿಗೆ ಸಿಕ್ಕ ಮೊದಲ ಮಾಲೆ ಅದೇ.

ಕಲಿತದ್ದು ಮನೆಯ ಹಿಂದಿನ ಕೊಯ್ಲಾದ ಗದ್ದೆಯಲ್ಲಿ. ಬಟ್ಟೆ ಅಂಗಡಿಯೆದುರು ಸಿಕ್ಕ ಭಟ್ಕಳದವಳು ಈಗ ಗೆಳತಿಯಾಗಿ, ವಾರಕ್ಕೊಮ್ಮೆ ತನ್ನ ಸ್ಕೂಟರ್‌ನಲ್ಲಿ ಬಂದು ಪಾಠ ಹೇಳುತ್ತಿದ್ದಳು. ಆ ಗಾಡಿ ಬಾಗುವುದಿಲ್ಲ. ತಿರುಗಿಸುವಾಗ ಮೈ ಬಾಗಿಸದೆ ಹ್ಯಾಂಡಲ್ ಮಾತ್ರ ತಿರುಗಿಸಬೇಕು. ಅದು ತಿಳಿಯುವಷ್ಟರಲ್ಲಿ ನಾನು ನೆರೆಮನೆಯವರು ಹುಲ್ಲು ಒಟ್ಟಿದ ಕುತ್ರಿಯೊಳಗೆ ನೇರ ನುಗ್ಗಿದೆ. ತಲೆ, ಕುತ್ತಿಗೆ, ಸೆರಗು ಎಲ್ಲ ಹುಲ್ಲು. ತಮ್ಮ ಏರಿಯಿಂದ ಜಿಗಿದು ಓಡಿ ಬಂದ. ನಾನು ಸೀಟಿನ ಮೇಲೆ ಗಟ್ಟಿಯಾಗಿ ಕುಳಿತಿದ್ದೆ.

"ಎಂತ ಆಗ್ಲಿಲ್ಲ ಮಾರಾಯ" ಎಂದೆ.

ಅವನು ನನ್ನನ್ನೇ ನೋಡಿದ. ಆಮೇಲೆ ನಗತೊಡಗಿದ. ನಾನು ಬಿದ್ದ ದಿನದಿಂದ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅವತ್ತಿನಿಂದ ಏರಿಯ ಮೇಲೆ ನಿಂತು ಕಾಯುವುದನ್ನು ಬಿಟ್ಟ.

ಲೈಸೆನ್ಸು ಆಯಿತು. ಮೊದಲು ಒಬ್ಬಳೇ ಹೋದದ್ದು ಅವನ ಅಂಗಡಿಗೆ. ಹೆದ್ದಾರಿ ಅಗಲವಾದ ಮೇಲೆ ಮನೆ ಒಂದು ಬದಿಗೆ, ಅಂಗಡಿ ಇನ್ನೊಂದು ಬದಿಗೆ ಉಳಿದಿತ್ತು. ದೂರ ಹೋಗಿ ಸುತ್ತು ಹೊಡೆದು ಬರಬೇಕು. ಲಾರಿ ಪಕ್ಕದಲ್ಲಿ ಹಾದಾಗ ಹ್ಯಾಂಡಲ್ ಬಿಗಿಹಿಡಿದು ಅಂಚಿಗೆ ಸರಿಯುತ್ತಿದ್ದೆ. ಅಂಗಡಿಯ ಎದುರು ಗಾಡಿ ನಿಲ್ಲಿಸಿ, "ಒಂದು ಬೆಂಕಿಪೊಟ್ಟಣ ಕೊಡು" ಎಂದೆ. ಗಿರಾಕಿಗೆ ಕೊಡುವಂತೆಯೇ ಕೊಟ್ಟ. ಮನೆಯಲ್ಲಿ ಬೆಂಕಿಪೊಟ್ಟಣ ಬೇಕಾದಷ್ಟು ಇತ್ತು.

ಚಳಿ ಮುಗಿಯುವ ಹೊತ್ತಿಗೆ ನನಗೆ ಹೊಳೆಸಾಲಿಗೆ ಹೋಗುವ ಆಸೆ ಹುಟ್ಟಿತು. ಭಟ್ಕಳದ ಗೆಳತಿಗೆ ಹೇಳಿದೆ. "ಆತು, ಹೋಗ್ವ" ಎಂದಳು, ಅಷ್ಟೇ. ಒಂದು ಬೆಳಿಗ್ಗೆ ನಮ್ಮ ಎರಡು ಗಾಡಿಗಳು ಒಂದರ ಹಿಂದೆ ಒಂದು ಹೊರಟವು. ಶರಾವತಿ ಸೇತುವೆಯ ಮೇಲೆ ಗಾಳಿಗೆ ಅವಳ ಬುರ್ಖಾ, ನನ್ನ ಸೆರಗು ಎರಡೂ ಪಟಪಟ ಹೊಡೆದುಕೊಂಡವು. ಹೊನ್ನಾವರದಲ್ಲಿ ಎಳನೀರು ಕುಡಿದು ಗೇರುಸೊಪ್ಪದ ರಸ್ತೆಗೆ ತಿರುಗಿದೆವು. ಹೊಳೆ ಮರಗಳ ನಡುವೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮರೆಯಾಗುತ್ತಿತ್ತು.

ನಾನು ನೋಡಬೇಕೆಂದಿದ್ದು ಒಬ್ಬ ಹೆಂಗಸನ್ನು. ಬಹಳ ವರ್ಷಗಳ ಹಿಂದೆ ಒಂದು ಶ್ರಾವಣದಲ್ಲಿ ಅವಳಿಗೆ ಹೆರಿಗೆ ನೋವು ಶುರುವಾಗಿ, ಮಗು ಅಡ್ಡವಿರಬಹುದೆಂದು ನಾನು ಹೆದರಿ, ಹೊನ್ನಾವರದ ಆಸ್ಪತ್ರೆಗೆ ಸಾಗಿಸಲು ದೋಣಿ ಹತ್ತಿಸಿದ್ದೆ. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಅರ್ಧ ದಾರಿಯಲ್ಲಿ ಅವಳು ನನ್ನ ಕೈ ಹಿಡಿದು, "ಬಾಯಿ, ಇನ್ನಾಗೂದಿಲ್ಲ" ಎಂದಳು. ದೋಣಿಯವನು ಮುಖ ತಿರುಗಿಸಿ ಹುಟ್ಟು ಹಾಕುತ್ತಲೇ ಇದ್ದ. ಅವಳ ಅತ್ತೆ ಕೊಡೆ ಹಿಡಿದಳು. ಮಗು ಅಡ್ಡವಿರಲಿಲ್ಲ, ನನ್ನ ಅಂದಾಜು ತಪ್ಪಾಗಿತ್ತು. ಹೆಣ್ಣು ಮಗು ನೀರಿನ ನಡುವೆಯೇ ಹುಟ್ಟಿ, ಮಳೆಯ ಸದ್ದನ್ನೂ ಮೀರಿಸಿ ಅತ್ತಿತು. ದೋಣಿಯವನು ಆಗ ಮಾತ್ರ ಹುಟ್ಟು ನಿಲ್ಲಿಸಿ, "ಮುಂದೆ ಹೋಗೂದಾ, ವಾಪಸಾ?" ಎಂದು ಕೇಳಿದ.

ಆ ಹೆಂಗಸಿನ ಮನೆ ದಿಬ್ಬದ ಮೇಲೆ. ಗಾಡಿ ರಸ್ತೆಯಲ್ಲೇ ನಿಲ್ಲಬೇಕು. ಪಕ್ಕದ ಮನೆಯವರು ಮೇಲೆ ಹೋಗಿ ಹೇಳಿದರು. ಬಹಳ ಹೊತ್ತಾದ ಮೇಲೆ ಸೊಸೆಯ ಹೆಗಲು ಹಿಡಿದು, ಒಂದೊಂದೇ ಮೆಟ್ಟಿಲನ್ನು ಅಡ್ಡವಾಗಿ ಇಳಿಯುತ್ತ ಅವಳು ಬಂದಳು. ಮಂಡಿಗಳೆರಡೂ ಬಾತು ಬಾಗಿದ್ದವು. ನನ್ನ ಕೋಲು ನೋಡಿದಳು, ಗಾಡಿ ನೋಡಿದಳು, ಆಮೇಲೆ ಮುಖ.

"ನೀವು ನಡ್ಕೊಂಡೇ ಬರೂರಲ್ದಾ ಬಾಯಿ" ಎಂದಳು.

"ನೀನೂ ಓಡಿ ಇಳಿತಿದ್ದೆ."

ಸೊಸೆ ಬೆಲ್ಲ ನೀರು ತಂದಳು. ಹೊಳೆಯಲ್ಲಿ ಹುಟ್ಟಿದವಳು ಈಗ ಕುಮಟಾದಲ್ಲಿ ಕಾಲೇಜಿನ ಆಫೀಸಿನಲ್ಲಿದ್ದಾಳಂತೆ. ಮಾತಿನ ನಡುವೆ ಸೊಸೆ, "ಅತ್ತೆ ಕೆಳಗೆ ಇಳಿದೇ ಒಂದು ವರ್ಷದ ಮೇಲಾತು" ಎಂದಳು. ಹೊಳೆ ಅಲ್ಲಿಂದ ಕೂಗಳತೆ ದೂರ.

"ತಾರಿಯಲ್ಲಿ ಈಗ್ಲೂ ದೋಣಿ ನಿಲ್ತದಾ?" ಎಂದು ನಾನು ಕೇಳಿದೆ. ದೋಣಿ ಹತ್ತಿಳಿಯುವ ಜಾಗಕ್ಕೆ ಅಲ್ಲಿ ತಾರಿ ಎನ್ನುವುದು.

"ಯಾರಿಗ್ಗೊತ್ತು. ನಾ ಹೊಳೆ ನೋಡ್ದೆ ಎಷ್ಟೋ ದಿನ ಆತು."

ಗೆಳತಿ ನನ್ನ ಹಿಂದಿನ ಸೀಟನ್ನು ತೋರಿಸಿದಳು. "ಗಾಡಿ ಬೀಳೂದಿಲ್ಲ. ಇಬ್ಬರನ್ನ ಹೊರ್ತದೆ" ಎಂದಳು. ಸೊಸೆ ಗಾಬರಿಯಾದಳು. ಆ ಹೆಂಗಸು ಮಾತ್ರ ಸೀರೆ ಎತ್ತಿ ಕಟ್ಟಿದಳು. ಮೂವರೂ ಸೇರಿ ಹತ್ತಿಸಿದೆವು. ಹಿಂದಿನಿಂದ ನನ್ನ ಸೊಂಟವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಳು. ತಾರಿಗೆ ಇಳಿಯುವ ದಾರಿಗೆ ಈಗ ಕಾಂಕ್ರೀಟು ಹಾಕಿದ್ದರು. ಬ್ರೇಕು ಹಿಡಿದೇ ಇಳಿಸಿದೆ. ನೀರಿನ ಹತ್ತಿರ ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ.

ಹೊಳೆ ತಿಳಿಯಾಗಿ, ಸಾವಕಾಶ ಹರಿಯುತ್ತಿತ್ತು. ದೋಣಿ ಒಂದೂ ಇರಲಿಲ್ಲ. ನಾವು ಗಾಡಿಯಿಂದ ಇಳಿಯಲಿಲ್ಲ, ಇಳಿಯುವುದು ಇಬ್ಬರಿಗೂ ದೊಡ್ಡ ಕೆಲಸ. ಅವಳು ನನ್ನ ಬೆನ್ನ ಹಿಂದೆ ಕುಳಿತೇ ಮಾತಾಡಿದಳು. ಆ ದಿನ ದೋಣಿಯಲ್ಲಿ ಅತ್ತೆ ಹಿಡಿದಿದ್ದ ಕೊಡೆಯ ಕಡ್ಡಿ ಮುರಿದಿತ್ತಂತೆ, ನೀರೆಲ್ಲ ತನ್ನ ಮುಖದ ಮೇಲೇ ಸುರಿಯುತ್ತಿತ್ತಂತೆ. ನೋವಿಗಿಂತ ಆ ನೀರಿಗೇ ಸಿಟ್ಟು ಬಂದಿತ್ತಂತೆ. ನನಗೆ ಅದು ಗೊತ್ತೇ ಇರಲಿಲ್ಲ. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಬೆನ್ನಿಗೆ ಅವಳ ಎದೆ ಅಲುಗುವುದು ಮಾತ್ರ ತಾಗುತ್ತಿತ್ತು. ಬಿಸಿಲು ಏರುವ ತನಕ ಹಾಗೇ ಇದ್ದೆವು.

ನಡೆದ ದಿನಗಳು ಮರಳಿ ಬಂದವು ಎಂದು ನಾನು ಹೇಳುವುದಿಲ್ಲ. ಗಾಡಿ ನಿಲ್ಲುವಲ್ಲಿಗೆ ನನ್ನ ದಾರಿಯೂ ನಿಲ್ಲುತ್ತದೆ. ದೇವಸ್ಥಾನದ ಮೆಟ್ಟಿಲು ನನಗೆ ದೂರವೇ. ಚಳಿಯಲ್ಲಿ ಬೆಳಿಗ್ಗೆ ಸಳಿ ಹಾಕಿದ ಜಾಗ ಹಿಡಿದುಕೊಳ್ಳುತ್ತದೆ. ಮಳೆಗಾಲ ಪೂರ್ತಿ ಗಾಡಿ ಕೊಟ್ಟಿಗೆಯಲ್ಲಿ ತಾಡಪಾಲಿನ ಕೆಳಗಿರುತ್ತದೆ, ನಾನು ಜಗಲಿಯಲ್ಲಿರುತ್ತೇನೆ. ಉಳಿದ ತಿಂಗಳು ಮಾತ್ರ ಬೆಳಿಗ್ಗೆ ಎದ್ದಾಗ ಎಲ್ಲಿಗೆ ಹೋಗಲಿ ಎಂದು ಯೋಚಿಸುವ ಸುಖವಿದೆ.

ಮೊನ್ನೆ ಹೊಳೆಸಾಲಿನ ಆ ಹೆಂಗಸಿನ ಫೋನ್ ಬಂದಿತ್ತು. ಅವಳ ನೆರೆಯಲ್ಲಿ ಇನ್ನಿಬ್ಬರು ಮುದುಕಿಯರು ಹೊಳೆ ನೋಡಬೇಕೆನ್ನುತ್ತಿದ್ದಾರಂತೆ. "ಒಬ್ಬೊಬ್ರನ್ನೇ ಕೂರಿಸಿ ಇಳಿಸ್ಲಿಕ್ಕೆ ಆಗೂದಾ ಬಾಯಿ?" ಎಂದು ಕೇಳಿದಳು. ಬರುವ ಸೋಮವಾರ ಎಂದಿದ್ದೇನೆ. ಗಾಡಿಯ ಚಕ್ರಕ್ಕೆ ತಮ್ಮ ಗಾಳಿ ಹೊಡೆಸಿ ತಂದಿಟ್ಟಿದ್ದಾನೆ.