ರುಚಿ ನೋಡುವ ಕೆಲಸ

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ವಡೋದರಾದ ನಮ್ಮ ಮನೆಯಲ್ಲಿ ಸಿಹಿಯ ಹೆಸರೆತ್ತುವಂತಿರಲಿಲ್ಲ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದರು. ಅರ್ಧ ಸೌಟು ಅನ್ನ, ಹಾಗಲಕಾಯಿ ಪಲ್ಯ, ತುಪ್ಪ ಸವರದ ಚಪಾತಿ, ಎಲ್ಲಕ್ಕೂ ಹೂಂ. ಅಷ್ಟು ಸಾಧುವಾಗಿ ಉಣ್ಣುವ ಗಂಡಸನ್ನು ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಆದರೂ ರಕ್ತದಲ್ಲಿ ಸಕ್ಕರೆ ಇಳಿಯಲೇ ಇಲ್ಲ. ಇನ್ನು ಮೂರು ತಿಂಗಳು ನೋಡಿ ಇನ್ಸುಲಿನ್ ಶುರುಮಾಡೋಣ ಎಂದರು ಡಾಕ್ಟರು. ರಕ್ತ ತೆಗೆಯುವಾಗಲೇ ಕಣ್ಣು ಮುಚ್ಚಿ ನನ್ನ ಸೆರಗು ಹಿಡಿಯುವ ಮನುಷ್ಯ ಇವರು. ದಿನವೂ ಸೂಜಿ ಎಂದರೆ! ಇದೇ ಕಾಯಿಲೆಯಿಂದ ಇವರ ತಾಯಿ ಒಂದು ಕಾಲು ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದ ನನಗೂ ಹೆದರಿಕೆಯಾಯಿತು.

ಮಂಜಲ್‌ಪುರದಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಮಕರಪುರದ ಕಾರ್ಖಾನೆಗಳಿಗೆ ಹೋಗುವವರೇ ಗಿರಾಕಿಗಳು. ಒಂದು ಬೆಳಿಗ್ಗೆ ಇವರು ಬಿಟ್ಟುಹೋಗಿದ್ದ ಕನ್ನಡಕ ಕೊಡಲು ಹಿಂದಿನ ಬಾಗಿಲಿನಿಂದ ಒಳಹೊಕ್ಕೆ. ಒಲೆಯ ಮುಂದೆ ಇವರು. ಅಂಗೈಗೆ ಸಾಂಬಾರು, ಸುರ್ರ್! ಅಡುಗೆಯವನು ಒಂದಿಷ್ಟು ಬೆಲ್ಲ ಹಾಕಿದ, ಮತ್ತೆ ಸುರ್ರ್! ಆಮೇಲೆ ಶೀರಾ. ಒಂದು ತುತ್ತು ಸಕ್ಕರೆ ನೋಡಲು, ಇನ್ನೊಂದು ತುಪ್ಪ ನೋಡಲು, ಮೂರನೆಯದು ಯಾವುದಕ್ಕೋ ದೇವರೇ ಬಲ್ಲ.

"ಹ್ವಾಯ್, ಎಂತ ಮಾಡ್ತಾ ಇದ್ದೀರಿ?"

ಬೆಚ್ಚಿದರೂ ಸೌಟು ಬಿಡಲಿಲ್ಲ. "ತಿನ್ನುದಲ್ಲ ಮಾರಾಯ್ತಿ, ರುಚಿ ನೋಡುದು."

ಕಳ್ಳನಿಗೊಂದು ಪಿಳ್ಳೆ ನೆವ! "ಡಾಕ್ಟ್ರ ಸೂಜಿಗೆ ಅದು ಗೊತ್ತುಂಟಾ?"

"ಇಲ್ಲಿಯವರಿಗೆ ಸಾಂಬಾರು ಸಿಹಿ ಇಲ್ಲದಿದ್ರೆ ಆಗುದಿಲ್ಲ. ನನ್ನ ನಾಲಿಗೆ ಬಿಟ್ರೆ ಯಾರಿಗೆ ತಿಳೀತದೆ?"

ಸೌಟು ಕಿತ್ತುಕೊಂಡೆ. ಮರುದಿನದಿಂದ ರುಚಿ ನೋಡುವ ಕೆಲಸ ನನ್ನದು. ಮೊದಲ ದಿನ ನನ್ನ ಬಾಯಿಗೆ ಹಿತವಾಗುವಷ್ಟೇ ಬೆಲ್ಲ ಹಾಕಿಸಿದೆ. ಗಿರಾಕಿಗಳು ಅರ್ಧ ಬಟ್ಟಲು ಬಿಟ್ಟು ಎದ್ದರು. ಗಲ್ಲಾದ ಮುಂದೆ ಕೂತಿದ್ದ ಇವರ ಮುಖದಲ್ಲಿ ಎಂಥ ಸಂತೋಷ! ನನಗೆ ಮೈಯೆಲ್ಲ ಉರಿಯಿತು.

ಮಾರನೆಯ ದಿನ ಹಟಕ್ಕೆ ಬಿದ್ದು, ನನಗೆ ನುಂಗಲಾಗದೆ ಮುಖ ಕಿವುಚುವ ತನಕ ಬೆಲ್ಲ ಹಾಕಿಸುತ್ತಲೇ ಹೋದೆ. ಅವತ್ತು ಗಿರಾಕಿಗಳು ಮತ್ತೆ ಮತ್ತೆ ಬಟ್ಟಲು ಚಾಚಿ, "ಭಾಭಿ, ಸಾಂಭಾರ್ ಬಹು ಸರಸ್!" ಎಂದು ಹೊಗಳಿದರು.

ಮೂರು ತಿಂಗಳಲ್ಲಿ ಇವರ ಸಕ್ಕರೆ ಇಳಿಯಿತು. ಸೂಜಿ ಬೇಡ, ಇದೇ ಮಾತ್ರೆ, ಇದೇ ಪಥ್ಯ ಸಾಕು ಎಂದರು ಡಾಕ್ಟರು. ಖುಷಿಗೆ ನನಗೆ ಅಳುವೇ ಬಂತು. ಇವರು ಮಾತ್ರ ಮೋರೆ ಇಳಿಬಿಟ್ಟುಕೊಂಡು ಸ್ಕೂಟರ್ ಹತ್ತಿದರು.

"ಸಕ್ಕರೆಯೂ ಇಳೀತು, ಮರ್ಯಾದೆಯೂ ಇಳೀತು. ಇನ್ನು ಹೋಟ್ಲಲ್ಲಿ ನಾನ್ಯಾಕೆ?"

ಪಾಪ ಅನ್ನಿಸಿತು. ಮರುದಿನ ಒಲೆಯ ಹತ್ತಿರ ಕರೆದು ಎದುರಿಗೆ ನಿಲ್ಲಿಸಿಕೊಂಡೆ. "ನನಗೆ ಈ ಸಿಹಿ ಸಾಂಬಾರಿನ ರುಚಿ ಗಿಚಿ ತಿಳಿಯುದಿಲ್ಲ. ನೀವು ನನ್ನ ಮುಖ ನೋಡಿ. ಸಾಕು ಅಂತ ಹೇಳುದು ನೀವೇ."

ಅಂದಿನಿಂದ ನಾನು ಅಂಗೈ ನೆಕ್ಕುವುದು, ಇವರು ಕೈಕಟ್ಟಿ ನಿಂತು ನನ್ನ ಮೋರೆ ದಿಟ್ಟಿಸುವುದು. ಮದುವೆಯ ಹೊಸತರಲ್ಲೂ ಹಾಗೆ ನೋಡಿರಲಿಲ್ಲ, ಪುಣ್ಯಾತ್ಮ. ನಾನು ಮುಖ ಕಿವುಚಿದ್ದೇ ತಡ, ಅಡುಗೆಯವನಿಗೆ ಕೂಗುತ್ತಿದ್ದರು: "ಸಾಕು, ಬೆಲ್ಲ ನಿಲ್ಸು! ಇವತ್ತು ಭಾರೀ ಲಾಯ್ಕ ಆಗಿದೆ."