ಸಿಗ್ನಲ್ ಕಂಬದ ದೀಪಕ್ಕೆ ನಾನು ಬರೆದ ಅರ್ಜಿ

ಇಂದು ಹಿತ್ತಲಲ್ಲಿದ್ದ ಹಳೆಯ ಡಬ್ಬದ ಮುಚ್ಚಳ ತೆಗೆದೊಡನೆ ಸೀಮೆಎಣ್ಣೆಯ ವಾಸನೆ ಬಡಿಯಿತು. ಅದು ನನಗೆ ಅಪ್ಪನ ಅಂಗಿಯ ವಾಸನೆ.

ಪಾಂಡವಪುರದ ಆಚೆ, ಕಬ್ಬಿನ ಗದ್ದೆಗಳ ನಡುವಿನ ನಮ್ಮೂರ ಸಣ್ಣ ರೈಲು ನಿಲ್ದಾಣದಲ್ಲಿ ಅಪ್ಪ ದಿನಗೂಲಿಯ ಮೇಲೆ ದೀಪದ ಕೆಲಸಕ್ಕಿದ್ದರು. ಸಂಜೆಯಾಗುತ್ತಲೇ ಸಿಗ್ನಲ್ ಕಂಬದ ಕಬ್ಬಿಣದ ಏಣಿ ಹತ್ತಿ, ಕೆಂಪು ಹಸಿರು ಗಾಜುಗಳ ಹಿಂದೆ ಸೀಮೆಎಣ್ಣೆಯ ದೀಪವಿಟ್ಟು ಬರುತ್ತಿದ್ದರು. ಮಂಡಿನೋವಿನಿಂದ ಇಳಿಯುವಾಗ ಮೆಟ್ಟಿಲು ಮೆಟ್ಟಿಲಿಗೂ ನಿಲ್ಲುತ್ತಿದ್ದರು.

ಅದನ್ನು ಸಹಿಸಲಾಗದೆ, ಊರವರ ಅರ್ಜಿಗಳನ್ನು ನಕಲು ಮಾಡಿ ಕಲಿತ ಭಾಷೆಯಲ್ಲಿ ನಾನೇ ಬರೆದೆ: ‘ಸದರಿ ಕಂಬಕ್ಕೆ ವಿದ್ಯುತ್ ದೀಪವನ್ನು ದಯಪಾಲಿಸಬೇಕಾಗಿ ಸವಿನಯ ಪ್ರಾರ್ಥನೆ.’ ಅಪ್ಪ ಹೆಬ್ಬೆಟ್ಟು ಒತ್ತಿದರು.

ಸಿಗ್ನಲ್ ಎಳೆಯುವ ಸಿದ್ದಣ್ಣ ನಕ್ಕ. “ನಿನ್ ಮಗ ಬರುದ್ರೆ ರೈಲೂ ಕೈಕಟ್ಕೊಂಡು ನಿಂತ್ಕತದೆ ಕಣ್ಲಾ!”

“ಓದವ್ನೆ ಕಣ್ಲಾ, ನಿನ್ನಂಗಲ್ಲ” ಎಂದರು ಅಪ್ಪ.

ವರ್ಷ ತುಂಬುವುದರೊಳಗೆ ವಿದ್ಯುತ್ ದೀಪ ಬಂತು. ಅಪ್ಪನ ಕೆಲಸ ಹೋಯಿತು.

“ನನ್ನಿಂದ್ಲೇ ಇಂಗಾಯ್ತಲ್ಲಪ್ಪ” ಎಂದು ನಾನು ಅತ್ತುಬಿಟ್ಟೆ.

“ಮಂಡಿ ಉಳ್ಕತು ಬುಡ್ಲಾ” ಎಂದರು ಅಪ್ಪ. ಆದರೂ ಸಂಜೆಯಾದರೆ ಕಂಬದ ಬುಡಕ್ಕೆ ಹೋಗಿ, ತಾನಾಗಿ ಹೊತ್ತಿಕೊಳ್ಳುವ ಆ ದೀಪವನ್ನು ನೋಡುತ್ತ ನಿಲ್ಲುತ್ತಿದ್ದರು.

ಅವರಿಗೆ ಬೇರೆ ಕೆಲಸ ಕೋರಿ ಆಮೇಲೆ ನಾನು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಒಂದಕ್ಕೂ ಉತ್ತರ ಬಾರದೆ ಅಪ್ಪ ತೀರಿಕೊಂಡರು.

ಅರ್ಜಿ ಬರೆಸಲು ನೆರೆಹೊರೆಯವರು ಇಂದಿಗೂ ನನ್ನ ಬಳಿಗೇ ಬರುತ್ತಾರೆ, ನನ್ನ ಭಾಷೆಯನ್ನು ಹೊಗಳುತ್ತಾರೆ. ಅಪ್ಪನಿಗಾಗಿ ಬರೆದುದರಲ್ಲಿ ಮಂಜೂರಾದದ್ದು ಆ ಮೊದಲನೆಯದೊಂದೇ ಎಂದು ಅವರಿಗೆ ಈವರೆಗೂ ಹೇಳಿಲ್ಲ.