ಹನ್ನೊಂದು ಗಂಟೆಗೆ ಅರಳಗುಪ್ಪೆ

ಜನವರಿ ಎರಡು, ಗುರುವಾರ, ಹೊಸ ಡೈರಿಯ ಮೊದಲ ಪಟ್ಟಿ ಬರೆದೆ. ಬೆಂಗಳೂರಿನಿಂದ ಬೆಳಗ್ಗೆ ಹೊರಟು ಕತ್ತಲಾಗುವುದರೊಳಗೆ ಮನೆ ಸೇರುವಂಥ ಒಂದು ಪ್ರವಾಸ. ನೋಡುವುದು ಹಳೆಯ ದೇವಸ್ಥಾನಗಳನ್ನು. ಹೋಗುವವರು ಮೂವರು: ಅಪ್ಪ, ಅಮ್ಮ, ನಾನು.

ನನಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅಲ್ಲಿ ಒಂದೊಂದು ಟ್ಯೂಬಿನ ಮೇಲೂ ತಾರೀಖು, ವೇಳೆ ಬರೆಯಬೇಕು. ಅದೇ ಚಟ ಮನೆಗೂ ಬಂದಿದೆ. ಎಷ್ಟು ದಿನಕ್ಕೆ ಗ್ಯಾಸ್ ಖಾಲಿಯಾಯಿತು, ವರ್ಷದಲ್ಲಿ ಎಷ್ಟು ಸಲ ಅಪ್ಪ ಕನ್ನಡಕ ಹುಡುಕಿದರು, ಎಲ್ಲದಕ್ಕೂ ನನ್ನ ಹತ್ತಿರ ಲೆಕ್ಕ ಇದೆ. (ಕನ್ನಡಕದ್ದು ಕಳೆದ ವರ್ಷ ನೂರಾ ಹದಿನೇಳು.)

ಪಟ್ಟಿಯಲ್ಲಿ ಮೂರು ಊರು ಇದ್ದವು. ತುರುವೇಕೆರೆ, ನಾಗಲಾಪುರ, ಸಂಪಿಗೆ. ಹೋಗುವಾಗ ಕುಣಿಗಲ್ ದಾಟಿ ಮಾಯಸಂದ್ರದ ದಾರಿ, ಬರುವಾಗ ಗುಬ್ಬಿ, ತುಮಕೂರು. ಪ್ರತಿ ಊರಿಗೆ ಬರುವ ವೇಳೆ, ಬಿಡುವ ವೇಳೆ, ನಡುವೆ ತಿಂಡಿಗೆ ಇಪ್ಪತ್ತೈದು ನಿಮಿಷ. ಬಿಸಿಲು ಯಾವಾಗ ಕಲ್ಲಿನ ಮೇಲೆ ಓರೆಯಾಗಿ ಬೀಳುತ್ತದೆ ಎಂಬುದನ್ನೂ ನೋಡಿಕೊಂಡಿದ್ದೆ, ಫೋಟೋಕ್ಕೆ.

ಅರಳಗುಪ್ಪೆಯನ್ನು ಬೇಕೆಂದೇ ಬಿಟ್ಟಿದ್ದೆ. ಆ ಕಡೆಗೆ ಹೋಗಿ ಅರಳಗುಪ್ಪೆಯ ಕಲ್ಲೇಶ್ವರನ ಗುಡಿ ನೋಡದೆ ಬಂದರೆ ಹೋದದ್ದೇ ದಂಡ ಎಂದು ನನಗೂ ಗೊತ್ತಿತ್ತು. ಆದರೆ ಅಲ್ಲಿ ಚಿಕ್ಕಮ್ಮನ ಮನೆ ಇದೆ, ಗುಡಿಯಿಂದ ಎರಡೇ ಬೀದಿ ಆಚೆ. ಅಮ್ಮ ಮತ್ತು ಚಿಕ್ಕಮ್ಮ ಮಾತು ಬಿಟ್ಟು ಆಗ ಇಪ್ಪತ್ತಮೂರು ತಿಂಗಳಾಗಿತ್ತು.

ಆದದ್ದು ಇಷ್ಟೇ. ಚಿಕ್ಕಮ್ಮ ಹೊಸ ಮನೆ ಕಟ್ಟಿಸಿದಳು. ಗೃಹಪ್ರವೇಶದ ಕಾರ್ಡನ್ನು ವಾಟ್ಸಾಪಿನಲ್ಲಿ ಕಳಿಸಿದಳು. ಅವಳೇ ಬಂದು ಕುಂಕುಮ ಕೊಟ್ಟು ಕರೆಯುತ್ತಾಳೆಂದು ಅಮ್ಮ ಕೊನೆಯ ದಿನದವರೆಗೂ ಕಾದಳು. ಬರಲಿಲ್ಲ. ಅಮ್ಮ ಹೋಗಲಿಲ್ಲ. ಒಡಹುಟ್ಟಿದ ಅಕ್ಕನನ್ನು ಫೋನಿನಲ್ಲಿ ಕರೆದಳಲ್ಲ ಎಂದು ಇವಳ ದೂರು. ಒಡಹುಟ್ಟಿದವಳು ಹೊರಗಿನವರ ಹಾಗೆ ಕುಂಕುಮಕ್ಕೆ ಕಾದಳಲ್ಲ ಎಂದು ಅವಳ ದೂರು. ಇಬ್ಬರದೂ ಸರಿ ಎನ್ನಿಸಿ ನಾನು ಯಾವ ಪಕ್ಷಕ್ಕೂ ಸೇರಿರಲಿಲ್ಲ.

ಅಮ್ಮನಿಗೆ ತಂಗಿಯ ಮೇಲೆ ಎಷ್ಟು ಆಸೆ ಇತ್ತು ಎಂಬುದು ಮಾತ್ರ ನನಗೆ ಗೊತ್ತಿತ್ತು. ಸಂಕ್ರಾಂತಿ ಬಂತೆಂದರೆ ಎಳ್ಳುಬೆಲ್ಲಕ್ಕೆ ಚಿಕ್ಕಮ್ಮನ ಅಟ್ಟದ ಕೊಬ್ಬರಿಯೇ ಬರುತ್ತಿತ್ತು. ಮಾತು ಬಿಟ್ಟ ಮೇಲೆ ಅಂಗಡಿಯಿಂದ ತಂದದ್ದನ್ನು ಹೆಚ್ಚುತ್ತ ಅಮ್ಮ, "ಇದೂ ಒಂದು ಕೊಬ್ರಿನಾ? ತೌಡು!" ಎನ್ನುತ್ತಿದ್ದಳು. ಹಿಂದಿನ ಸಂಕ್ರಾಂತಿಗೆ ಒಂದೇ ಮಧ್ಯಾಹ್ನದಲ್ಲಿ ಹಾಗೆ ಒಂಬತ್ತು ಸಲ ಅಂದಳು.

ಪಟ್ಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದೆ. ಅಮ್ಮ ಹಾಲು ತೆಗೆಯಲು ಬಂದವಳು ನಿಂತು ಓದಿದಳು.

"ಇದೇನೇ ಇದು, ಅರಳಗುಪ್ಪೆ ಎಲ್ಲಿ?"

"ಬಿಟ್ಟಿದೀನಿ. ನಿನಗೆ ಬೇಜಾರಾಗುತ್ತೆ ಅಂತ."

"ನಂಗ್ಯಾಕೆ ಬೇಜಾರು? ದೇವಸ್ಥಾನಕ್ಕೆ ಹೋಗಕ್ಕೆ ಯಾರಾದ್ರೂ ಕರೀಬೇಕಾ? ಅಲ್ಲಿ ಮೇಲುಗಡೆ ಶಿವ ಕುಣೀತಾ ಇರೋದು ಎಷ್ಟು ಚೆನ್ನಾಗಿದೆ! ಹಾಕು ಅದನ್ನ."

"ಹಾಕಿದ್ರೆ ಟೈಮ್ ಸಾಲಲ್ಲ. ನಾಗಲಾಪುರ ತೆಗೀಬೇಕಾಗುತ್ತೆ."

"ತೆಗಿ. ನಾಗಲಾಪುರ ಎಲ್ಲಿಗೂ ಓಡಿಹೋಗಲ್ಲ."

ಮಧ್ಯಾಹ್ನ ಮೂರಕ್ಕೆ ಅರಳಗುಪ್ಪೆ ಎಂದು ಬರೆದೆ. ಮರುದಿನ ನೋಡುತ್ತೇನೆ, ಅಮ್ಮ ಪೆನ್ಸಿಲಿನಲ್ಲಿ ಅದನ್ನು ಹೊಡೆದು ಹನ್ನೊಂದು ಎಂದು ತಿದ್ದಿದ್ದಾಳೆ. ಯಾಕೆ ಎಂದು ಕೇಳಿದರೆ, "ಮೂರಕ್ಕೆ ಬಿಸಿಲು ಕಣೇ," ಅಂದಳು. ಹನ್ನೊಂದಕ್ಕೂ ಬಿಸಿಲೇ. ಆದರೆ ಹನ್ನೊಂದಕ್ಕೆ ಚಿಕ್ಕಮ್ಮ ಹಸುಗಳ ಕೆಲಸ ಮುಗಿಸಿ ಮನೆಯಲ್ಲಿರುತ್ತಾಳೆ. ನಾನು ಇಡೀ ಪಟ್ಟಿಯನ್ನು ಹೊಸದಾಗಿ ಬರೆದೆ. ನಾಲ್ಕನೆಯ ಪ್ರತಿ ಅದು.

ಹತ್ತೊಂಬತ್ತನೇ ತಾರೀಖು, ಭಾನುವಾರ. ಸಂಕ್ರಾಂತಿ ಕಳೆದು ಐದು ದಿನ. ಕಾರಿಗೆ ಸಾಮಾನು ತುಂಬುವಾಗ ಪಟ್ಟಿ ಹಿಡಿದು ಒಂದೊಂದಕ್ಕೂ ಗೀಟು ಹಾಕಿದೆ. ನೀರಿನ ಬಾಟಲಿ ನಾಲ್ಕು, ಟೋಪಿ ಮೂರು, ಚಕ್ಕುಲಿ ಡಬ್ಬಿ ಒಂದು. ಪಟ್ಟಿಯಲ್ಲಿ ಇಲ್ಲದ ಸಾಮಾನು ಒಂದು ಸಿಕ್ಕಿತು. ಅಮ್ಮನ ಕೈಚೀಲದ ತಳದಲ್ಲಿ, ಟವಲಿನಲ್ಲಿ ಸುತ್ತಿದ ಸ್ಟೀಲ್ ಡಬ್ಬಿ. ಅಲ್ಲಾಡಿಸಿದೆ. ಎಳ್ಳುಬೆಲ್ಲ. ರಥಸಪ್ತಮಿಯವರೆಗೂ ಎಳ್ಳು ಬೀರಬಹುದು, ಬೀರಲು ಹೋಗುವವರನ್ನು ಯಾರೂ ಮೊದಲೇ ಕರೆಯಬೇಕಿಲ್ಲ. ಟವಲು ಮತ್ತೆ ಸುತ್ತಿ ಇದ್ದ ಹಾಗೇ ಇಟ್ಟೆ.

ಹೊರಟದ್ದು ಆರು ಹದಿನೆಂಟಕ್ಕೆ. ಹದಿನೆಂಟು ನಿಮಿಷ ಕನ್ನಡಕದ್ದು. ಕುಣಿಗಲ್ ದಾಟಿದ ಮೇಲೆ ತಿಂಡಿಗೆ ನಿಲ್ಲಿಸಿದೆವು. ಇಪ್ಪತ್ತೈದರ ಬದಲು ನಲವತ್ನಾಲ್ಕು ನಿಮಿಷ ಹಿಡಿಯಿತು, ಏಕೆಂದರೆ ಅಪ್ಪ ಎರಡನೇ ಸಲ ಇಡ್ಲಿ ಹೇಳಿ ಪಕ್ಕದ ಮೇಜಿನವರ ಪೇಪರ್ ಓದತೊಡಗಿದರು. ಮಾಯಸಂದ್ರದಿಂದಾಚೆ ಎರಡೂ ಕಡೆ ತೆಂಗು ಶುರುವಾಯಿತು. ಅಮ್ಮ ಕಿಟಕಿ ಇಳಿಸಿದಳು. ಅವಳ ಕನ್ನಡ ಬದಲಾಗುವುದು ಸರಿಯಾಗಿ ಇಲ್ಲೇ. ಬೆಂಗಳೂರಿನ "ಬರ್ತೀನಿ" ಮಾಯಸಂದ್ರಕ್ಕೆ "ಬತ್ತೀನಿ" ಆಗುತ್ತದೆ. ಈ ಹಿಂದಿನ ಐದು ಪ್ರಯಾಣಗಳಲ್ಲೂ ಗಮನಿಸಿದ್ದೇನೆ.

ತುರುವೇಕೆರೆಯಲ್ಲಿ ಕರಿಕಲ್ಲಿನ ನಂದಿ ನೋಡಿದೆವು. ಈಗಷ್ಟೇ ಎಣ್ಣೆ ಹಚ್ಚಿ ಒರೆಸಿದ ಹಾಗೆ ಹೊಳೆಯುತ್ತದೆ. ಅಪ್ಪ ಅದರ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡು, "ಇದರಲ್ಲಿ ಮುಖ ನೋಡ್ಕಂಡು ತಲೆ ಬಾಚ್ಕೋಬೋದು ಕಣೇ," ಅಂದರು. ಬಾಚುವುದಕ್ಕೆ ಅವರ ತಲೆಯಲ್ಲಿ ಏನಿದೆ ಎಂದು ಅಮ್ಮ ಕೇಳಲಿಲ್ಲ. ಬೇರೆ ದಿನವಾಗಿದ್ದರೆ ಕೇಳದೆ ಬಿಡುತ್ತಿರಲಿಲ್ಲ. ಅವಳು ನನ್ನ ಕೈಗಡಿಯಾರ ನೋಡುತ್ತಿದ್ದಳು.

ಅರಳಗುಪ್ಪೆ ತಲುಪಿದ್ದು ಹನ್ನೊಂದಕ್ಕೆ ಮೂರು ನಿಮಿಷ ಇರುವಾಗ. ತಡವಾದದ್ದನ್ನೆಲ್ಲ ಅಮ್ಮನೇ ನಂದಿಯ ಹತ್ತಿರ ನಮ್ಮನ್ನು ಅವಸರಿಸಿ ಉಳಿಸಿಕೊಟ್ಟಿದ್ದಳು.

ಗುಡಿಯ ಎದುರಿನ ಜಗಲಿಯಲ್ಲಿ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅಮ್ಮ ಕಾರಿನಿಂದ ಒಂದು ಕಾಲು ಕೆಳಗಿಡುವಷ್ಟರಲ್ಲಿ ಗುರುತು ಹಿಡಿದರು.

"ಅಯ್ಯೋ, ದೊಡ್ಡವಳು ಅಲ್ವೇನವ್ವ ನೀನು? ಈ ಕಡೆ ತಲೇನೇ ಹಾಕ್ನಿಲ್ವಲ್ಲ! ತಂಗಿ ಮನೇಗೆ ಬಂದ್ಯಾ?"

"ಇಲ್ಲ ಕಣವ್ವ, ದೇವಸ್ಥಾನ ನೋಡಕ್ಕೆ ಬಂದ್ವಿ. ಮಗಳಿಗೆ ಹಿಸ್ಟರಿ ಅಂದ್ರೆ ಪ್ರಾಣ."

ಹಿಸ್ಟರಿಯಲ್ಲಿ ನಾನು ತೆಗೆದ ಅಂಕಗಳನ್ನು ಇಲ್ಲಿ ಬರೆಯುವುದು ಬೇಡ.

"ಹೇಳಿ ಕಳುಸ್ಲಾ ಅವಳಿಗೆ?"

"ಬ್ಯಾಡ ಬುಡವ್ವ, ಯಾಕೆ ಸುಮ್ನೆ," ಅಂದಳು ಅಮ್ಮ, ಎರಡು ಬೀದಿ ಆಚೆಗೂ ಕೇಳಿಸುವಷ್ಟು ಜೋರಾಗಿ. ಅಜ್ಜಿ ಮೊರ ಕೆಳಗಿಟ್ಟು ಎದ್ದರು.

ಒಳಗೆ ಹೋದೆವು. ಛಾವಣಿಯಲ್ಲಿ ಶಿವ ಕುಣಿಯುತ್ತಿದ್ದಾನೆ, ಸುತ್ತ ಎಂಟು ದಿಕ್ಕಿನ ದೇವರುಗಳು ತಂತಮ್ಮ ವಾಹನಗಳ ಮೇಲೆ ಕೂತು ನೋಡುತ್ತಿದ್ದಾರೆ. ಕತ್ತು ನೋಯುವವರೆಗೆ ನೋಡಿದೆ. ಒಂದೊಂದು ಬೆರಳೂ ಬೇರೆ ಬೇರೆಯಾಗಿ ಕಾಣುತ್ತದೆ. ಅಪ್ಪ ನೆಲದ ಮೇಲೆ ಅಂಗಾತ ಮಲಗಿಯೇ ಬಿಟ್ಟರು. ಅಷ್ಟೊಂದು ಹೊಗಳಿ ನಮ್ಮನ್ನು ಇಲ್ಲಿಗೆ ಕರೆತಂದ ಅಮ್ಮ ಮೇಲೆ ನೋಡಿದ್ದು ಒಂದೇ ಸಲ. ಆಮೇಲೆ ಹೊರಗೆ ಹೋಗಿ ಬೀದಿ ಕಾಣುವ ಕಡೆ ಕೂತಳು.

ಹನ್ನೊಂದು ಇಪ್ಪತ್ತು. ಅಜ್ಜಿ ವಾಪಸು ಬಂದು ಮೊರ ತೊಡೆಯ ಮೇಲಿಟ್ಟುಕೊಂಡರು. ಅಂದರೆ ಸುದ್ದಿ ಮುಟ್ಟಿದೆ. ಬೀದಿಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು, ಎರಡು ಎಮ್ಮೆ ಹೋದವು. ಚಿಕ್ಕಮ್ಮ ಬರಲಿಲ್ಲ.

"ಹೊರಡೋಣ್ವಾ ಅಮ್ಮ? ಹನ್ನೊಂದೂವರೆಗೆ ಸಂಪಿಗೆ ಕಡೆ ಹೊರಡಬೇಕಿತ್ತು."

"ಇರು, ಒಂದು ಸುತ್ತು ಹಾಕಣ."

ಒಂದು ಸುತ್ತು ಮೂರು ಸುತ್ತಾಯಿತು. ಪ್ರತಿ ಸಲವೂ ಬೀದಿಯ ಕಡೆಯ ಮೂಲೆಯಲ್ಲಿ ಅಮ್ಮನ ಹೆಜ್ಜೆ ನಿಧಾನವಾಗುತ್ತಿತ್ತು. ಎರಡು ಬೀದಿ ಆಚೆ ಚಿಕ್ಕಮ್ಮನೂ ಹೀಗೇ ಕಾಯುತ್ತಿರಬೇಕು ಅನ್ನಿಸಿತು. ಊರಿಗೆ ಬಂದವಳು ಮನೆಗೆ ಬರಲಿ ಎಂದು ಅವಳು, ಬಂದಿದ್ದೇನೆಂದು ಗೊತ್ತಾದ ಮೇಲೆ ಅವಳೇ ಬರಲಿ ಎಂದು ಇವಳು. ಹನ್ನೊಂದು ನಲವತ್ತಕ್ಕೆ ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಡಿ, ಹೋಗಣ," ಅಂದಳು. ಧ್ವನಿ ಸಣ್ಣಗಾಗಿತ್ತು. ಹೀಗೇ ಹಿಂದಿರುಗಿದರೆ ಇನ್ನು ಯಾವತ್ತೂ ಈ ಊರಿಗೆ ಕಾಲಿಡುವವಳಲ್ಲ ಎಂದು ನನಗೆ ಸ್ಪಷ್ಟವಾಯಿತು.

ಆಗ ನನ್ನ ಪಟ್ಟಿಯ ದೊಡ್ಡ ತಪ್ಪು ಹೊಳೆಯಿತು. ಬಿಸಿಲಿನ ಕೋನದವರೆಗೆ ಎಲ್ಲವನ್ನೂ ಬರೆದವಳು ಒಂದನ್ನು ಮರೆತಿದ್ದೆ. ತಿಂಡಿಯ ಹೋಟೆಲ್ ಬಿಟ್ಟ ಮೇಲೆ ಹೆಂಗಸರು ಹೋಗಿಬರುವುದಕ್ಕೆ ಎಲ್ಲೂ ಒಂದು ಜಾಗ ಹಾಕಿರಲಿಲ್ಲ.

"ಅಮ್ಮ, ನಾನು ಬಾತ್‌ರೂಮಿಗೆ ಹೋಗ್ಬೇಕು," ಅಂದೆ.

"ಈಗ್ಲಾ?"

"ಈಗ್ಲೇ. ತಡೆಯಕ್ಕಾಗಲ್ಲ."

ಅರ್ಧ ನಿಜ, ಅರ್ಧ ಸುಳ್ಳು. ಸಂಪಿಗೆಯವರೆಗೆ ತಡೆಯಬಹುದಿತ್ತು.

ಅಮ್ಮ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, "ರೀ, ವಯಸ್ಸಿಗೆ ಬಂದ ಹುಡುಗೀನ ಎಲ್ಲಿ ಅಂತ ಕಳುಸ್ಲಿ? ಅವಳ ಮನೆ ಇಲ್ಲೇ ಐತೆ. ವಿಧಿ ಇಲ್ಲ," ಅಂದಳು. ಕಾರು ತರಲು ಅಪ್ಪನಿಗೆ ಹೇಳಿ, ಕೈಚೀಲ ಹೆಗಲಿಗೇರಿಸಿ ನನಗಿಂತ ಮುಂದೆ ನಡೆದಳು. ಅವಸರ ಇದ್ದದ್ದು ನನಗೆ, ಓಡುತ್ತಿದ್ದದ್ದು ಅವಳು.

ಚಿಕ್ಕಮ್ಮ ಹೊಸ ಮನೆಯ ಅಂಗಳದಲ್ಲಿ ಒಣಗಿದ ಕಾಯಿಗಳ ಗುಡ್ಡೆಯ ಮುಂದೆ ಕೂತಿದ್ದಳು. ಹನ್ನೊಂದು ತಿಂಗಳು ಅಟ್ಟದಲ್ಲಿದ್ದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದರೆ ಒಡೆಯಬಹುದು, ಇಲ್ಲವಾದರೆ ಇನ್ನೂ ಹಸಿ. ಚಿಕ್ಕಪ್ಪ ಪಕ್ಕದಲ್ಲಿ ಮಚ್ಚಿನ ಬೆನ್ನಿನಿಂದ ಒಡೆಯುತ್ತಿದ್ದರು.

"ಬಾರೇ," ಅಂದಳು ಚಿಕ್ಕಮ್ಮ, ನನಗೆ ಮಾತ್ರ.

"ಚಿಕ್ಕಮ್ಮ, ಬಾತ್‌ರೂಮು..."

"ಹಿಂದ್ಗಡೆ ಐತೆ, ಹೋಗು."

ನಾನು ಬೇಕೆಂದೇ ಆರು ನಿಮಿಷ ತೆಗೆದುಕೊಂಡೆ. ವಾಪಸು ಬಂದಾಗ ಅಮ್ಮ ಬಾಗಿಲ ಕಂಬ ಹಿಡಿದು ನಿಂತೇ ಇದ್ದಳು. ಅಪ್ಪ, ಚಿಕ್ಕಪ್ಪ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಚಿಕ್ಕಮ್ಮ ಒಂದು ಕಾಯಿಯನ್ನು ಅಲ್ಲಾಡಿಸಿ ಒಡೆಯುವ ಕಡೆಗೆ ಹಾಕಿದಳು.

"ಅದು ಹಸಿ," ಅಂದಳು ಅಮ್ಮ, ಕಂಬಕ್ಕೆ ಹೇಳುವ ಹಾಗೆ.

"ಯಾವ್ದು?" ಚಿಕ್ಕಮ್ಮ ತಲೆ ಎತ್ತಲಿಲ್ಲ.

"ಈಗ ಹಾಕಿದ್ಯಲ್ಲ, ಅದು."

"ಒಣಗೈತೆ."

"ಹಸಿ ಕಣೇ! ಸದ್ದು ಕೇಳಲ್ವಾ ನಿಂಗೆ?"

"ಬೆಂಗ್ಳೂರಲ್ಲಿ ಕೂತು ಕಿವಿ ಕೆಟ್ಟೈತೆ ನಿಂದು. ಒಡೀರಿ ಅದನ್ನ!"

ಚಿಕ್ಕಪ್ಪ ಒಡೆದರು. ಕೊಬ್ಬರಿ ಚಿಪ್ಪಿಗೆ ಕಚ್ಚಿಕೊಂಡಿತ್ತು, ಒಂದು ಹನಿ ನೀರೂ ಚಿಮ್ಮಿತು. ಅಮ್ಮ ಕಂಬ ಬಿಟ್ಟು ಬಂದು ಗುಡ್ಡೆಯ ಈಚೆ ಕಡೆ ಕೂತು ಇನ್ನೊಂದು ಕಾಯಿ ಎತ್ತಿಕೊಂಡಳು. ಅರ್ಧ ಗಂಟೆಯಲ್ಲಿ ಅವರಿಬ್ಬರೂ ಅರವತ್ತೆರಡು ಕಾಯಿ ನೋಡಿದರು, ಏಳಕ್ಕೆ ಜಗಳ ಆಡಿದರು. ನಡುವೆ ಎಲ್ಲೋ ಎಳ್ಳಿನ ಡಬ್ಬಿ ಹೊರಗೆ ಬಂತು. ಚಿಕ್ಕಮ್ಮ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಯಾವ ಸೀಮೆ ಕೊಬ್ರಿನೇ ಇದು?" ಅಂದಳು.

ಮುದ್ದೆ, ಅವರೆಕಾಳಿನ ಸಾರು ಉಂಡೆವು. ಊಟವಾದ ಮೇಲೆ ಅಮ್ಮ ಮನೆಯನ್ನೆಲ್ಲ ಸುತ್ತಿ ಬಂದು ತೀರ್ಪು ಕೊಟ್ಟಳು. "ಮನೆ ಚೆನ್ನಾಗೈತೆ. ಸಿಂಕು ಮಾತ್ರ ಇಷ್ಟು ಎತ್ತರಕ್ಕೆ ಯಾಕೆ ಇಡಿಸ್ದೆ? ನೀನಿರೋದೇ ಗೇಣುದ್ದ."

"ಗೃಹಪ್ರವೇಶಕ್ಕೆ ಬಂದು ಅವತ್ತೇ ಹೇಳಿದ್ರೆ ತಗ್ಗುಸ್ತಿದ್ನಲ್ಲ," ಅಂದಳು ಚಿಕ್ಕಮ್ಮ.

ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ಅಮ್ಮ ಸಿಂಕಿನ ಮುಂದೆ ನಿಂತಿದ್ದವಳು ಹಾಗೇ ನಿಂತು, "ಬರ್ಬೇಕಿತ್ತು. ತಪ್ಪಾಯ್ತು ಬುಡು," ಅಂದಳು.

"ನಾನೂ ಬಂದು ಕರೀಬೇಕಿತ್ತು ಅಕ್ಕಯ್ಯ. ಇವರು ಫೋನಲ್ಲಿ ಕಳುಸಿದ್ರೆ ಸಾಕು ಅಂದ್ರು."

"ನಾನ್ಯಾವಾಗ ಅಂದೆ?" ಎಂದು ಚಿಕ್ಕಪ್ಪ ಕೂಗಿದರು. ಅಕ್ಕ ತಂಗಿ ಒಟ್ಟಿಗೆ ಅವರ ಮೇಲೆ ಬಿದ್ದರು.

ಮೂರು ಗಂಟೆಗೆ ನಾನು ಪಟ್ಟಿ ತೆಗೆದೆ. ಸಂಪಿಗೆಗೆ ಇನ್ನೂ ಸಮಯವಿತ್ತು. ಅಮ್ಮ ಕಾರಿನ ಕಡೆ ಬರಲೇ ಇಲ್ಲ. "ನೀವು ಹೋಗಿ. ನಾನು ಬುಧವಾರ ಬತ್ತೀನಿ," ಅಂದಳು. ಉಡುವುದಕ್ಕೆ ಸೀರೆ ಎಂದರೆ ತಂಗಿಯದಿದೆ. ಅಪ್ಪನ ಮಾತ್ರೆ ಎಲ್ಲಿದೆ, ಹಾಲಿನವನಿಗೆ ಏನು ಹೇಳಬೇಕು ಎಂದೆಲ್ಲ ಹೇಳಿ ಜಗಲಿಗೆ ಹೋಗಿ ಕೂತಳು.

ಚಿಕ್ಕಮ್ಮ ನನ್ನ ಕಿಟಕಿಯ ಹತ್ತಿರ ಬಂದು ಬಗ್ಗಿದಳು. "ಗುಡಿ ಹತ್ರ ಎಷ್ಟು ಹೊತ್ತು ಕಾದ್ಲೇ ನಿಮ್ಮಮ್ಮ? ನೀನು ಲೆಕ್ಕ ಇಟ್ಟಿರ್ತೀಯ."

"ನಲವತ್ಮೂರು ನಿಮಿಷ."

"ಪಾಪ," ಅಂದಳು. ಆಮೇಲೆ ಧ್ವನಿ ತಗ್ಗಿಸಿ, "ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಮಗ. ಹಸಿ ಕಾಯಿ ಯಾವ್ದು ಅಂತ ನಂಗೆ ಗೊತ್ತಾಗಲ್ವಾ?"

ಜಗಲಿಯಿಂದ ಅಮ್ಮ ಕೂಗಿದಳು. "ಏನ್ರೇ ಅದು ಗುಸುಗುಸು?"

"ಏನಿಲ್ಲ ಕಣಕ್ಕಯ್ಯ," ಅಂದಳು ಚಿಕ್ಕಮ್ಮ, "ಸಂಪಿಗೆ ದಾರಿ ಹೇಳ್ಕೊಡ್ತಿದ್ದೆ."